ಬೆಲ್ಲದ ರುಚಿಪರೀಕ್ಷೆಯೂ ಮನೆಯ ಊಟದಲ್ಲಿ ಅದರ ಹೊಂದಿಕೆಯೂ

ಎತ್ತನ್ನು ಕೊಳ್ಳಲು ಸಂತೆಗೆ ಹೋದ ರೈತನು ಅದರ ಬಣ್ಣವೊಂದನ್ನೇ ನೋಡಿ ಹಣವನ್ನು ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲನ್ನು ನೋಡುತ್ತಾನೆ, ನಡೆಯಿಸಿ ಕಾಲನ್ನು ನೋಡುತ್ತಾನೆ, ಸುಳಿಯನ್ನು ವಿಚಾರಿಸುತ್ತಾನೆ. ಬಿತ್ತನೆಯ ರಾಗಿಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಹಲ್ಲಿನಲ್ಲಿ ಕಡಿದು ಪರೀಕ್ಷಿಸುತ್ತಾನೆ. ಆದರೆ ಅದೇ ರೈತನು ವರ್ಷವೆಲ್ಲಾ ದುಡಿದು ಬೆಳೆದ ಕಬ್ಬಿನಿಂದ ಇಳಿಸಿದ ಬೆಲ್ಲವು ಮಂಡಿಯನ್ನು ಸೇರಿದಾಗ, ಅದರ ಯೋಗ್ಯತೆಯನ್ನು ನಿರ್ಣಯಿಸುವುದು ಬಹುಮಟ್ಟಿಗೆ ಕಣ್ಣೊಂದೇ. ಹಳದಿಯಾಗಿದ್ದರೆ ಹೆಚ್ಚು ಧಾರಣೆ, ಕಂದಾಗಿದ್ದರೆ ಕಡಮೆ ಧಾರಣೆ. ತಿನ್ನುವ ಪದಾರ್ಥದ ಬೆಲೆಯನ್ನು ಗೊತ್ತುಮಾಡುವಾಗ ನಾಲಗೆಯನ್ನು ಕೇಳುವವರೇ ಇಲ್ಲ. ಇದರಿಂದ ರೈತರಿಗೂ ತಿನ್ನುವವರಿಗೂ ಆಗುತ್ತಿರುವ ನಷ್ಟವನ್ನೂ, ಮನೆಯಲ್ಲಿಯೇ ಅಲ್ಪ ವೆಚ್ಚದಿಂದ ಬೆಲ್ಲದ ರುಚಿಯನ್ನು ಪರೀಕ್ಷಿಸಿ ಊಟತಿಂಡಿಗಳೊಡನೆ ಹೊಂದಿಸತಕ್ಕ ಕ್ರಮವನ್ನೂ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ದ್ರಾಕ್ಷಿಯ ದೇಶಗಳ ಪದ್ಧತಿ

ದ್ರಾಕ್ಷಿಯನ್ನು ವಿಶೇಷವಾಗಿ ಬೆಳೆಯುವ ಫ್ರಾನ್ಸ್ ಮೊದಲಾದ ದೇಶಗಳಲ್ಲಿ ವೈನ್ ಎಂಬ ದ್ರಾಕ್ಷಾರಸದ ಗುಣವನ್ನು ಬಾಯಿಯಿಂದಲೇ ನಿರ್ಣಯಿಸುವ ಪದ್ಧತಿಯುಂಟು. ಮೊದಲು ಬಣ್ಣವನ್ನು ನೋಡುತ್ತಾರೆ. ಬಳಿಕ ಪರಿಮಳವನ್ನು ಗ್ರಹಿಸುತ್ತಾರೆ. ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ನುಂಗಿದ ಅಥವಾ ಉಗುಳಿದ ನಂತರ ನಾಲಗೆಯ ಮೇಲೆ ಉಳಿಯುವ ರುಚಿಯನ್ನು ಗಮನಿಸುತ್ತಾರೆ. ಯಾವ ತೋಟದ ರಸವು ಯಾವ ಆಹಾರಕ್ಕೆ ಒಪ್ಪುವುದೆಂಬುದನ್ನು ಸಾಮಾನ್ಯ ಗೃಹಸ್ಥರೂ ಬಲ್ಲರು. 1976ನೆಯ ಇಸವಿಯ ಮೇ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಪರೀಕ್ಷೆ ನಡೆಯಿತು. ಪ್ರಸಿದ್ಧವಾದ ಫ್ರೆಂಚ್ ವೈನುಗಳನ್ನೂ, ಆಗ ಅಷ್ಟೇನೂ ಹೆಸರಿಲ್ಲದಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ವೈನುಗಳನ್ನೂ ಯಾವುದು ಯಾವುದೆಂದು ತಿಳಿಯದಂತೆ ಫ್ರೆಂಚ್ ಪರೀಕ್ಷಕರ ಮುಂದಿಟ್ಟರು. ಬಿಳಿಯ ವೈನಿನಲ್ಲಿಯೂ ಕೆಂಪಿನಲ್ಲಿಯೂ ಮೊದಲನೆಯ ಸ್ಥಾನವು ಕ್ಯಾಲಿಫೋರ್ನಿಯಾಕ್ಕೇ ದೊರೆಯಿತು. ಹೆಸರನ್ನು ಮರೆಮಾಡಿದೊಡನೆ ನಾಲಗೆಯು ಪಕ್ಷಪಾತವನ್ನು ಬಿಡುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಮ್ಮ ರಾಜ್ಯದಲ್ಲಿಯೂ ನಂದಿಬೆಟ್ಟದ ಆಸುಪಾಸಿನಲ್ಲಿ ಮತ್ತು ಉತ್ತರದ ಜಿಲ್ಲೆಗಳಲ್ಲಿ ವೈನಿನ ದ್ರಾಕ್ಷಿಯು ಬೆಳೆಯುತ್ತಿದ್ದು, ಅದಕ್ಕಾಗಿ ಸರ್ಕಾರವು 2007ರಲ್ಲಿ ಒಂದು ನೀತಿಯನ್ನೇ ಹೊರಡಿಸಿದೆ. ಆದರೆ ಕಾವೇರಿ ನಾಲೆಯ ಸೀಮೆಗೆ ಹೆಸರನ್ನು ತಂದ ರಸವು ದ್ರಾಕ್ಷಿಯದಲ್ಲ, ಕಬ್ಬಿನದು. ಆದುದರಿಂದ ಅವರ ಪಾನವನ್ನು ಬಿಟ್ಟು, ಅವರ ಪರೀಕ್ಷಾಕ್ರಮವನ್ನು ಮಾತ್ರ ಎರವಲು ತಂದು ನಮ್ಮ ಬೆಲ್ಲಕ್ಕೆ ಅನ್ವಯಿಸಿಕೊಳ್ಳುವುದು ನಮಗೆ ಲಾಭಕರ.

ನಾಲೆ, ಕಬ್ಬು ಮತ್ತು ಆಲೆಮನೆ

ಈ ಸೀಮೆಗೆ ಕಬ್ಬು ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವಿದ್ವಾಂಸರು ರಸದಾಳೆ, ಪಟ್ಟಾಪಟ್ಟಿ ಎಂಬ ಕಬ್ಬಿನ ಜಾತಿಗಳನ್ನು ತಮ್ಮ ಗ್ರಂಥದಲ್ಲಿ ಹೆಸರಿಸಿದ್ದಾರೆ. ಆ ಕಾಲದಲ್ಲಿ ಕಬ್ಬು ಕೆರೆಗಳ ಹಿಂದಿನ ಗದ್ದೆಗಳಿಗೆ ಮಿತವಾಗಿದ್ದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯು ಪೂರೈಸಿ, ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಡುತ್ತಿದ್ದು ಅನಂತರ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯಲ್ಲಿ ನೀರು ಹರಿದ ಮೇಲೆ, ರಾಗಿ ಹುರುಳಿಗಳ ಬೆದ್ದಲು ಭೂಮಿಯು ಕಬ್ಬಿನ ಗದ್ದೆಯಾಯಿತು. ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾ॥ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನವೂ ಸೇರಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು.

ಸಕ್ಕರೆಯ ಕಾರ್ಖಾನೆಗಳು ಬಂದರೂ ಆಲೆಮನೆಯ ಹೊಗೆ ನಿಲ್ಲಲಿಲ್ಲ. ಕಾರ್ಖಾನೆಯು ಕಬ್ಬನ್ನು ತಡವಾಗಿ ತೆಗೆದುಕೊಂಡಾಗಲೂ, ಹಣವನ್ನು ತಡವಾಗಿ ಕೊಟ್ಟಾಗಲೂ ರೈತನಿಗೆ ಕೈಗೆ ಸಿಕ್ಕುವ ಆಸರೆಯೆಂದರೆ ಆಲೆಮನೆಯೇ. ಮಂಡ್ಯದ ಮಾರುಕಟ್ಟೆಗೆ ಅಚ್ಚು, ಕುರಿಕಟ್ಟು, ಬಕೆಟ್, ಬಾಕ್ಸ್ ಎಂಬ ಹೆಸರುಗಳಿಂದ ಬಗೆಬಗೆಯ ಬೆಲ್ಲವು ಬರುತ್ತದೆ. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರೋದ್ಯಮಗಳ ಯೋಜನೆಯಲ್ಲಿ, ಜಿಲ್ಲೆಗೊಂದು ಉತ್ಪನ್ನವೆಂಬ ನಿಯಮದಂತೆ, ಮಂಡ್ಯ ಜಿಲ್ಲೆಗೆ ಬೆಲ್ಲವೇ ಆಯ್ಕೆಯಾಗಿದೆ. ಇಂತಹ ಪದಾರ್ಥದ ಹೆಸರು ಕೆಟ್ಟರೆ ಅದರ ನಷ್ಟವು ಒಬ್ಬಿಬ್ಬರದಾಗದೆ ಸೀಮೆಗೆ ಸೀಮೆಯದೇ ಆಗುವುದು.

ಬಣ್ಣದ ಮೋಹದಿಂದ ಬಂದ ಕೇಡು

ಹಳದಿಯ ಬೆಲ್ಲಕ್ಕೆ ಧಾರಣೆ ಹೆಚ್ಚೆಂಬ ಕಾರಣದಿಂದ, ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವ ರೂಢಿ ಬೆಳೆಯಿತು. ಇದು ಗಂಧಕದ ಸಂಬಂಧವುಳ್ಳ ಒಂದು ಲವಣ. ಇದರಿಂದ ಬೆಲ್ಲವು ಕೂಡಲೇ ಬೆಳ್ಳಗಾಗುವುದೇನೋ ನಿಜ. ಆದರೆ ಆ ಬಿಳುಪು ಶಾಶ್ವತವಲ್ಲ. ದಾಸ್ತಾನಿನಲ್ಲಿ ಕೆಲವು ಕಾಲ ಇದ್ದ ಮೇಲೆ ಬಣ್ಣವು ಮತ್ತೆ ಕಪ್ಪಾಗುತ್ತದೆ. ಗಂಧಕದ ಶೇಷವು ಬೆಲ್ಲದಲ್ಲಿ ಉಳಿಯುವುದರಿಂದ, ಹತ್ತು ಲಕ್ಷ ಭಾಗ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು 70 ಭಾಗಕ್ಕೆ ಮೀರಬಾರದೆಂದು ಕಾನೂನು ವಿಧಿಸಿದೆ. ಉಬ್ಬಸದ ರೋಗವುಳ್ಳ ಕೆಲವರಿಗೆ ಈ ಶೇಷವು ಬಾಧೆಯನ್ನುಂಟುಮಾಡುವುದು. ಇದಲ್ಲದೆ ನಿಷಿದ್ಧವಾದ ಬಣ್ಣವನ್ನು ಬೆರೆಸುವುದು, ಸಕ್ಕರೆಯು ಅಗ್ಗವಾದಾಗ ಅದನ್ನೇ ಕರಗಿಸಿ ಬೆಲ್ಲದ ಪಾಕಕ್ಕೆ ಸೇರಿಸುವುದು ಮುಂತಾದ ವಂಚನೆಗಳೂ ಉಂಟು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳುವುದು ಕರ್ತವ್ಯ. ಮಂಡಿಗೆ ಕಳುಹಿಸುವ ಬೆಲ್ಲಕ್ಕೆ ಹೈಡ್ರೋಸನ್ನು ಹಾಕಿಸಿ, ತನ್ನ ಮನೆಯ ಖರ್ಚಿಗೆಂದು ಯಾವ ಔಷಧಿಯನ್ನೂ ಹಾಕದೆ ಪ್ರತ್ಯೇಕವಾಗಿ ಒಂದು ಕೊಪ್ಪರಿಗೆಯನ್ನು ಇಳಿಸಿಕೊಳ್ಳುವ ರೈತನು, ಯಾವುದು ಒಳ್ಳೆಯ ಬೆಲ್ಲವೆಂಬುದನ್ನು ತಾನು ಚೆನ್ನಾಗಿ ಬಲ್ಲನೆಂದು ಒಪ್ಪಿಕೊಂಡಂತೆಯೇ ಸರಿ. ಅವನಿಗೆ ತಿಳಿವಳಿಕೆಯ ಕೊರತೆಯಿಲ್ಲ. ಒಳ್ಳೆಯದಕ್ಕೆ ಒಳ್ಳೆಯ ಬೆಲೆ ಬರುವುದೆಂಬ ನಂಬಿಕೆಯ ಕೊರತೆಯಿದೆ. ಆ ನಂಬಿಕೆ ಹುಟ್ಟಬೇಕಾದರೆ ಕೊಳ್ಳುವವನಿಗೂ ಮಾರುವವನಿಗೂ ರುಚಿಯ ಭಾಷೆಯೊಂದು ಸಮಾನವಾಗಿರಬೇಕು.

ರುಚಿಯು ಎಲ್ಲಿಂದ ಬರುವುದು

ಬೆಲ್ಲದ ರುಚಿಗೆ ಬುನಾದಿಯು ಕೊಪ್ಪರಿಗೆಯಲ್ಲಲ್ಲ, ಹೊಲದಲ್ಲಿದೆ. ಚೌಳು ಭೂಮಿಯ ಕಬ್ಬಿನ ಬೆಲ್ಲದಲ್ಲಿ ಉಪ್ಪಿನ ಅಂಶವು ತೋರುವುದು. ಅದು ಚೆನ್ನಾಗಿ ಗಟ್ಟಿಯಾಗುವುದೂ ಇಲ್ಲ. ಸಾರಜನಕದ ಗೊಬ್ಬರವನ್ನು ಮಿತಿಮೀರಿ ಅಥವಾ ತಡವಾಗಿ ಹಾಕಿದ ಕಬ್ಬು ನೋಟಕ್ಕೆ ಪುಷ್ಟಿಯಾಗಿದ್ದರೂ ಅದರ ಹಾಲು ತೆಳುವಾಗಿ, ಬೆಲ್ಲವು ಮೆತ್ತಗಾಗುವುದು. ಬಲಿಯದ ಕಬ್ಬಿನ ಬೆಲ್ಲವು ಮಳೆಗಾಲದಲ್ಲಿ ನೀರೊಡೆಯುವುದು. ಕಡಿದ ಕಬ್ಬನ್ನು ಒಂದು ದಿನದೊಳಗಾಗಿ ಅರೆಯದಿದ್ದರೆ ಅದರೊಳಗಿನ ಸಕ್ಕರೆಯು ಒಡೆದು ಹುಳಿಯು ಏರುವುದು. ತಳಿಯೂ ಮುಖ್ಯವಾದುದು. ನಮ್ಮಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವ ಕೊ. 62175 ತೂಕಕ್ಕೆ ಹೆಸರಾದುದು; ಕೊ. 86032 ಬೆಲ್ಲದ ಗುಣಕ್ಕೆ ಹೆಸರಾದುದು.

ಆಲೆಮನೆಯಲ್ಲಿ ಹಾಲನ್ನು ಶುದ್ಧಿಮಾಡುವ ಕೆಲಸವೇ ಕೌಶಲದ ಕೆಲಸ. ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಹಿಂಡಿದ ಲೋಳೆಯನ್ನು ಹಾಕಿದರೆ ಕಶ್ಮಲವು ನೊರೆಯಾಗಿ ಮೇಲಕ್ಕೆ ಬರುವುದು; ಅದನ್ನು ತಪ್ಪದೆ ತೆಗೆಯಬೇಕು. ಸುಣ್ಣದ ತಿಳಿಯನ್ನು ಮಿತವಾಗಿ ಹಾಕಿದರೆ ಹಾಲಿನ ಹುಳಿಯು ತಗ್ಗಿ ಬೆಲ್ಲವು ಗಟ್ಟಿಯಾಗುವುದು. ಹೆಚ್ಚಾಗಿ ಹಾಕಿದರೆ ಬೆಲ್ಲವು ಕಪ್ಪಾಗಿ ನಾಲಗೆಗೆ ಒರಟಾಗುವುದು. ಪಾಕವು ಸುಮಾರು 115ರಿಂದ 118 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹದಕ್ಕೆ ಬರುವುದು. ಇಳಿಸುವುದು ಸ್ವಲ್ಪ ತಡವಾದರೂ ಸೀದ ವಾಸನೆ, ಬೇಗನೆ ಇಳಿಸಿದರೆ ತೇವ. ಒಂದು ಟನ್ ಕಬ್ಬಿನಿಂದ ಸಾಧಾರಣವಾಗಿ 100 ಕಿಲೋಗ್ರಾಂ ಅಥವಾ ಸ್ವಲ್ಪ ಹೆಚ್ಚಾಗಿ ಬೆಲ್ಲವು ದೊರೆಯುವುದು. ಮೇಲೆ ಹೇಳಿದ ಒಂದೊಂದು ಗುಣವೂ ದೋಷವೂ ಆ ಬೆಲ್ಲದ ಚೂರಿನಲ್ಲಿ ಬರೆದಿಟ್ಟಂತಿರುವುದು. ಓದಬಲ್ಲ ನಾಲಗೆ ಬೇಕು.

ಮನೆಯಲ್ಲಿ ಪರೀಕ್ಷಿಸುವ ಕ್ರಮ

ಇದಕ್ಕೆ ಬೇಕಾದ ವೆಚ್ಚವು ಅತ್ಯಲ್ಪ. ಬೇರೆ ಬೇರೆ ಆಲೆಮನೆಗಳಿಂದ ನಾಲ್ಕೈದು ಬಗೆಯ ಬೆಲ್ಲವನ್ನು ಕಾಲು ಕಿಲೋವಿನಂತೆ ತರಿಸಿದರೆ ಸಾಕು. ಅವುಗಳಲ್ಲಿ ಒಂದು ತೀರ ಹಳದಿಯಾದುದೂ, ಒಂದು ಔಷಧಿ ಹಾಕದ ಕಂದುಬಣ್ಣದ್ದೂ, ಒಂದು ಕಳೆದ ವರ್ಷದ್ದೂ ಇರಲಿ. ಬೆಳಗಿನ ಹೊತ್ತು, ಕಾಫಿ, ಎಲೆಯಡಿಕೆ, ಹೊಗೆಸೊಪ್ಪುಗಳನ್ನು ಮುಟ್ಟುವುದಕ್ಕೆ ಮುಂಚೆ ಪರೀಕ್ಷೆ ನಡೆಯಬೇಕು. ಮನೆಯ ಹೆಂಗಸರಲ್ಲಿ ಒಬ್ಬರು ಒಳಗೆ ಬೆಲ್ಲವನ್ನು ಸಮನಾದ ಚೂರುಗಳಾಗಿ ಒಡೆದು, ತಟ್ಟೆಗಳ ಅಡಿಯಲ್ಲಿ ಅಂಕಿಗಳನ್ನು ಬರೆದು, ಯಾವುದು ಯಾವುದೆಂದು ಹೇಳದೆ ಹೊರಗೆ ಕಳುಹಿಸಲಿ. ರುಚಿ ನೋಡುವವರು ಕಣ್ಣನ್ನು ಮುಚ್ಚಿಕೊಂಡು ಚೂರನ್ನು ಕೈಗೆ ತೆಗೆದುಕೊಂಡರೆ ಬಣ್ಣದ ಮೋಹವು ತಾನಾಗಿಯೇ ತಪ್ಪುವುದು.

ಮೊದಲು ಚೂರನ್ನು ಬೆರಳಿನಿಂದ ಮುರಿಯಿರಿ. ಒಳ್ಳೆಯ ಬೆಲ್ಲವು ಗಟ್ಟಿಯಾಗಿದ್ದು, ಮುರಿದಾಗ ಒಳಗೆ ಸಣ್ಣ ಹರಳುಗಳು ತೋರುವುವು, ಬೆರಳಿಗೆ ಅಂಟುವುದಿಲ್ಲ. ಎರಡನೆಯದಾಗಿ ಮೂಸಿ ನೋಡಿರಿ. ಕಾಯಿಸಿದ ಕಬ್ಬಿನ ಹಾಲಿನ ಪರಿಮಳವು ಬರಬೇಕು. ಮೂರನೆಯದಾಗಿ ನಾಲಗೆಯ ಮೇಲೆ ಇಟ್ಟು, ಕಡಿಯದೆ ತಾನಾಗಿ ಕರಗಲು ಬಿಡಿರಿ. ಮೊದಲು ಬರುವ ಸಿಹಿಯನ್ನಲ್ಲ, ಅದರ ಹಿಂದೆ ಬರುವುದನ್ನು ಗಮನಿಸಬೇಕು. ಒಳ್ಳೆಯ ಬೆಲ್ಲದಲ್ಲಿ ಸಿಹಿಯ ಹಿಂದೆ ಮೃದುವಾದ ಹುಳಿಯೂ, ಹುರಿದ ಕಾಳಿನಂತಹ ಕಂಪೂ ಇದ್ದು ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲುವುವು. ನಾಲ್ಕನೆಯದಾಗಿ ಒಂದು ಚೂರನ್ನು ಬಿಸಿನೀರಿನ ಲೋಟದಲ್ಲಿ ಕರಗಿಸಿ ಆವಿಯನ್ನು ಮೂಸಿರಿ. ಗಂಧಕದ ಘಾಟು ಅಡಗಿದ್ದರೆ ಇಲ್ಲಿ ಹೊರಬೀಳುವುದು. ಅದೇ ಲೋಟವನ್ನು ಅಲುಗಿಸದೆ ಬಿಟ್ಟರೆ ಮಣ್ಣು, ಸೀಮೆಸುಣ್ಣದ ಪುಡಿ ಮುಂತಾದುವು ತಳಕ್ಕೆ ಇಳಿಯುವುವು. ಒಂದು ಬೆಲ್ಲಕ್ಕೂ ಮತ್ತೊಂದಕ್ಕೂ ನಡುವೆ ನೀರಿನಿಂದ ಬಾಯಿ ಮುಕ್ಕಳಿಸಿ, ನಾಲ್ಕು ಕಾಳು ಪುರಿಯನ್ನು ತಿಂದರೆ ನಾಲಗೆಯು ಶುಚಿಯಾಗುವುದು.

ದೋಷಗಳನ್ನು ಹೀಗೆ ಗುರುತಿಸಬಹುದು. ಉಪ್ಪುಪ್ಪಾದ ರುಚಿಯು ಚೌಳು ಭೂಮಿಯ ಅಥವಾ ಹೆಚ್ಚಾದ ಸೋಡಾ ಲವಣಗಳ ಲಕ್ಷಣ. ಹೆಂಡದಂತಹ ಹುಳಿಯು ತಡವಾಗಿ ಅರೆದ ಕಬ್ಬಿನ ಅಥವಾ ತೇವ ಹಿಡಿದ ದಾಸ್ತಾನಿನ ಲಕ್ಷಣ. ಸೀದ ಕಹಿಯು ಒಲೆಯ ಮುಂದೆ ಎಚ್ಚರ ತಪ್ಪಿದುದರ ಲಕ್ಷಣ. ಬರಿಯ ಸಿಹಿಯಿದ್ದು, ಯಾವ ಕಂಪೂ ಇಲ್ಲದೆ ಕೂಡಲೇ ಮಾಯವಾಗುವ ರುಚಿಯು ಸಕ್ಕರೆಯನ್ನು ಬೆರೆಸಿರಬಹುದೆಂಬ ಸಂಶಯಕ್ಕೆ ಎಡೆಗೊಡುವುದು. ನಾಲಗೆಯಿಂದ ಹುಟ್ಟುವುದು ಸಂಶಯವೇ ಹೊರತು ರುಜುವಾತಲ್ಲ. ಮಾರಾಟಗಾರನ ಮೇಲೆ ದೂರು ಹೇಳುವುದಕ್ಕೆ ಮುಂಚೆ ಪ್ರಯೋಗಶಾಲೆಯ ಪರೀಕ್ಷೆ ಅವಶ್ಯಕ. ಎಲ್ಲರೂ ತಮ್ಮ ಅಭಿಪ್ರಾಯವನ್ನು ಬರೆದಿಟ್ಟ ಮೇಲೆಯೇ ತಟ್ಟೆಯ ಅಡಿಯ ಅಂಕಿಯನ್ನು ತಿರುಗಿಸಿ ನೋಡಬೇಕು.

ಊಟತಿಂಡಿಗಳೊಡನೆ ಹೊಂದಿಕೆ

ಬೆಲ್ಲವೆಲ್ಲಾ ಒಂದೇ ಎಂದು ಭಾವಿಸಿ ಎಲ್ಲಾ ಅಡಿಗೆಗೂ ಒಂದೇ ಬೆಲ್ಲವನ್ನು ಹಾಕುವುದು ವಾಡಿಕೆ. ಆದರೆ ತೀಕ್ಷ್ಣವಾದ ಪದಾರ್ಥಕ್ಕೆ ತೀಕ್ಷ್ಣವಾದ ಬೆಲ್ಲವೂ, ಸೌಮ್ಯವಾದುದಕ್ಕೆ ಸೌಮ್ಯವಾದುದೂ ಒಪ್ಪುವುವೆಂಬುದು ಮೊದಲನೆಯ ನಿಯಮ. ಜಿಡ್ಡು, ಹುಳಿ ಮತ್ತು ಕಹಿಗಳಿಗೆ ಬೆಲ್ಲವು ಎದುರಾಗಿ ನಿಂತು ಸಮತೂಕವನ್ನು ಕೊಡುವುದೆಂಬುದು ಎರಡನೆಯದು.

ಸುಗ್ಗಿಯಲ್ಲಿ ಹೊಸದಾಗಿ ಇಳಿಸಿದ, ಸಹಜವಾಗಿಯೇ ಹೊಂಬಣ್ಣದ ಸೌಮ್ಯವಾದ ಬೆಲ್ಲವನ್ನು ಹಾಲು, ಅಕ್ಕಿ, ತೆಂಗಿನಕಾಯಿಗಳ ತಿಂಡಿಗೆ ಮೀಸಲಿಡಬೇಕು. ಒತ್ತು ಶ್ಯಾವಿಗೆಗೆ ಹಾಕುವ ಕಾಯಿಹಾಲು, ಹಾಲುಬಾಯಿ, ಗಸಗಸೆಯ ಪಾಯಸ ಇವುಗಳಲ್ಲಿ ಕಪ್ಪುಬೆಲ್ಲವು ಕಾಯಿಯ ಕಂಪನ್ನು ಮುಚ್ಚಿಬಿಡುವುದು. ಹಾಲಿನ ಪಾಯಸಕ್ಕೆ ಬೆಲ್ಲವನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಸೇರಿಸತಕ್ಕದ್ದು. ಬೆಲ್ಲದಲ್ಲಿ ಹುಳಿಯಿದ್ದರೆ ಕುದಿಯುವ ಹಾಲು ಒಡೆಯುವುದು.

ಗಾಢವಾದ ಕಂದುಬೆಲ್ಲವು ರಾಗಿಗೂ ಎಣ್ಣೆಕಾಳುಗಳಿಗೂ ಜೊತೆ. ಬಿಸಿಯಾದ ರಾಗಿರೊಟ್ಟಿಗೆ ಬೆಣ್ಣೆಯನ್ನು ಸವರಿ ಇಂತಹ ಬೆಲ್ಲದ ಪುಡಿಯನ್ನು ಉದುರಿಸಿದರೆ, ರಾಗಿಯ ಮಣ್ಣಿನ ಕಂಪೂ ಬೆಲ್ಲದ ಹುರಿದ ಕಂಪೂ ಒಂದರೊಡನೊಂದು ಸೇರುವುವು. ಹುರಿದ ಕಡಲೆಕಾಯಿ, ಕೊಬ್ಬರಿ, ಹುರಿಗಡಲೆ ಇವುಗಳೊಡನೆಯೂ ಇದೇ ಮೇಲು. ಹಬ್ಬದ ತಂಬಿಟ್ಟಿಗೂ ದೀಪಾವಳಿಯ ಕಜ್ಜಾಯಕ್ಕೂ ಬೇಕಾದುದು ಗಟ್ಟಿಪಾಕಕ್ಕೆ ಬರುವ ಹರಳುಳ್ಳ ಬೆಲ್ಲ. ತೇವದ ಬೆಲ್ಲದಿಂದ ಕಜ್ಜಾಯವು ಎಣ್ಣೆಯಲ್ಲಿ ಒಡೆದುಹೋಗುವುದು. ಬೇಳೆಯ ಒಬ್ಬಟ್ಟಿಗೆ ನಡುತರದ ಬೆಲ್ಲವು ಸಾಕು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳಿನ ಜಿಡ್ಡನ್ನೂ, ಯುಗಾದಿಯ ಬೇವುಬೆಲ್ಲದಲ್ಲಿ ಬೇವಿನ ಕಹಿಯನ್ನೂ ಬೆಲ್ಲವು ತೂಗಿಸಿಕೊಂಡು ನಿಲ್ಲುವುದನ್ನು ನೋಡಿದರೆ, ಈ ಹೊಂದಿಕೆಯ ಶಾಸ್ತ್ರವು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲವೆಂದು ತಿಳಿಯುವುದು.

ಹುಣಸೆಯ ಗೊಜ್ಜಿಗೂ ಹುಳಿಗೂ ಹಾಕುವ ಚೂರು ಬೆಲ್ಲವು ಹಳೆಯದೂ ಕಪ್ಪಾದುದೂ ಆಗಿದ್ದರೆ ಬಾಧಕವಿಲ್ಲ. ಅಲ್ಲಿ ಬೇಕಾದುದು ಗಾಢತೆಯೇ. ಮದ್ದೂರಿನ ರೈಲು ನಿಲ್ದಾಣದಿಂದ ಊರೂರಿಗೆ ಹೆಸರಾದ ಮದ್ದೂರು ವಡೆಯು ಈರುಳ್ಳಿಯ ಖಾರವನ್ನೂ ಕರಿದ ಜಿಡ್ಡನ್ನೂ ಉಳ್ಳದ್ದು. ಅದರೊಡನೆ ಹಾಲಿಲ್ಲದ ಬೆಲ್ಲದ ಕಾಫಿಯನ್ನು ಕುಡಿದು ನೋಡಿದರೆ ಎರಡನೆಯ ನಿಯಮದ ಅರ್ಥವು ಒಂದೇ ಗುಟುಕಿನಲ್ಲಿ ತಿಳಿಯುವುದು. ಬೇಸಗೆಯಲ್ಲಿ ನಿಂಬೆಹಣ್ಣು, ಏಲಕ್ಕಿ, ಶುಂಠಿಗಳನ್ನು ಸೇರಿಸಿ ಮಾಡುವ ಪಾನಕವೇ ಬೆಲ್ಲಕ್ಕೆ ಕಡೆಯ ಒರೆಗಲ್ಲು. ನೀರಿನಲ್ಲಿ ಯಾವ ದೋಷವೂ ಅಡಗುವುದಿಲ್ಲವಾದುದರಿಂದ, ಪಾನಕಕ್ಕೆ ಒಪ್ಪಿದ ಬೆಲ್ಲವು ಎಲ್ಲಕ್ಕೂ ಒಪ್ಪುವುದು.

ಒಂದು ಎಚ್ಚರಿಕೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಕಬ್ಬಿಣಾದಿ ಖನಿಜಗಳಿದ್ದರೂ ಅದರ ಬಹುಭಾಗವು ಸಕ್ಕರೆಯೇ. ಮಧುಮೇಹವುಳ್ಳವರು ಬೆಲ್ಲವನ್ನು ನಿರಪಾಯವೆಂದು ಭಾವಿಸತಕ್ಕದ್ದಲ್ಲ.

ಗ್ರಾಮ ಮುಖಂಡರು ಮಾಡಬಹುದಾದ ಕೆಲಸ

ಮನೆಯಲ್ಲಿ ಕಲಿತ ಈ ಪರೀಕ್ಷೆಯನ್ನು ಊರಿಗೆ ವಿಸ್ತರಿಸುವುದು ಕಷ್ಟವಲ್ಲ. ಸಂಕ್ರಾಂತಿಯ ಸಮಯದಲ್ಲಿ ಆಲೆಮನೆಗಳು ಭರದಿಂದ ನಡೆಯುತ್ತಿರುವಾಗ, ಊರಿನ ಚಾವಡಿಯಲ್ಲಿ ಅಥವಾ ಸಹಕಾರ ಸಂಘದ ಕಟ್ಟಡದಲ್ಲಿ ಸುತ್ತಲಿನ ಆಲೆಮನೆಗಳ ಬೆಲ್ಲವನ್ನು ಅಂಕಿಗಳಡಿಯಲ್ಲಿ ಇಟ್ಟು, ರೈತರೂ ಆಲೆಮನೆಯವರೂ ಹೆಂಗಸರೂ ಕೂಡಿ ರುಚಿ ನೋಡಲಿ. ಸಾಧ್ಯವಾದರೆ ಮಂಡಿಯ ವರ್ತಕರೊಬ್ಬರನ್ನೂ ಕರೆಯಿರಿ. ನಾಲೆಯ ಮೇಲ್ಭಾಗದ ಮಂಡ್ಯದ ಬೆಲ್ಲವನ್ನೂ, ಕೊನೆಯ ಭಾಗದ ಮಳವಳ್ಳಿಯ ಬೆಲ್ಲವನ್ನೂ, ನಡುವಿನ ಮದ್ದೂರಿನದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಭೂಮಿಗೂ ನೀರಿಗೂ ಇರುವ ಭೇದವು ನಾಲಗೆಗೆ ತಿಳಿಯಬಹುದು. ಮೇಲೆಂದು ಕಂಡ ಬೆಲ್ಲದ ತಳಿ, ಗೊಬ್ಬರ, ಕಡಿದ ದಿನ, ಶುದ್ಧಿಮಾಡಿದ ಕ್ರಮ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷಕ್ಕೆ ಅದೇ ಪಾಠವಾಗುವುದು. ತಳಿಯ ಮತ್ತು ತಯಾರಿಕೆಯ ವಿಷಯದಲ್ಲಿ ಸಂಶಯವುಳ್ಳವರು ಮಂಡ್ಯದ ವಿ. ಸಿ. ಫಾರಂ ಸಂಶೋಧನಾ ಕ್ಷೇತ್ರವನ್ನು ಸಂದರ್ಶಿಸಬಹುದು.

ಮಂಡಿಯು ಒಂದೇ ದಿನದಲ್ಲಿ ತನ್ನ ಅಭ್ಯಾಸವನ್ನು ಬದಲಾಯಿಸದು. ಆದರೆ ಮದುವೆ, ಹಬ್ಬ, ಜಾತ್ರೆಗಳಿಗೆ ಮೂಟೆಗಟ್ಟಲೆ ಬೆಲ್ಲವನ್ನು ಕೊಳ್ಳುವವರು ನಮ್ಮ ಜಮೀನುದಾರರೇ ಆಗಿರುತ್ತಾರೆ. ಅವರು ಹಳದಿಯನ್ನು ಕೇಳುವುದನ್ನು ಬಿಟ್ಟು, ರುಚಿ ನೋಡಿ, ಕಂದುಬೆಲ್ಲಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಂಡರೆ, ಆಲೆಮನೆಯವನಿಗೆ ಹೈಡ್ರೋಸಿನ ಡಬ್ಬವನ್ನು ಕೆಳಗಿಡಲು ಅಷ್ಟೇ ಧೈರ್ಯ ಸಾಕು. ತನ್ನ ಮಕ್ಕಳಿಗೆ ಕೊಡದ ಬೆಲ್ಲವನ್ನು ಪರರ ಮಕ್ಕಳಿಗೆ ಮಾರಬೇಕಾದ ಸಂಕಟವು ಅವನಿಗೂ ತಪ್ಪುವುದು. ಬರುವ ಸುಗ್ಗಿಯಲ್ಲಿ ಪ್ರತಿಯೊಬ್ಬ ಗ್ರಾಮ ಮುಖಂಡರೂ ಮೊದಲು ತಮ್ಮ ಮನೆಯ ಜಗಲಿಯಲ್ಲಿ ಐದು ತಟ್ಟೆಗಳನ್ನು ಇಟ್ಟು ಈ ಪರೀಕ್ಷೆಯನ್ನು ನಡೆಯಿಸಿ ನೋಡುವರೆಂದೂ, ಮನೆಗೂ ಮಂಡಿಗೂ ಒಂದೇ ಕೊಪ್ಪರಿಗೆಯ ಬೆಲ್ಲವು ಸಾಗುವ ದಿನವನ್ನು ಹತ್ತಿರಕ್ಕೆ ತರುವರೆಂದೂ ನಂಬಿರುತ್ತೇವೆ.